ಮಂಚದ ಕೆಳಗಿನ ಕುಂಕುಮ

ಯಾರ ಮನೆಗೆ ಹೋದರೂ ಮೆಷಿನ್ನಿನ ಪ್ಲಗ್ ಹಾಕುವ ಮೊದಲು ನಾನು ಕಾರ್ಪೆಟ್ಟಿನ ಸುತ್ತ ಮಂಡಿಯೂರಿ ಒಂದು ಸುತ್ತು ಬರುತ್ತೇನೆ. ಎಲ್ಲಿ ಸವೆದಿದೆ, ಎಲ್ಲಿ ಕಲೆ ಇದೆ, ಎಲ್ಲಿ ನೂಲು ಎದ್ದಿದೆ ಎಂದು ನೋಡಿ, ಮೊಬೈಲಿನಲ್ಲಿ ಫೋಟೊ ಹಿಡಿದು, "ಇದು ನಾನು ಬರೋಕೆ ಮುಂಚೇನೇ ಇತ್ತು, ನೋಡ್ಕೊಂಬುಡಿ" ಎಂದು ಮನೆಯವರಿಗೆ ತೋರಿಸಿದ ಮೇಲೆಯೇ ಕೆಲಸ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ. ಮನೆಯೆಲ್ಲ ಕ್ಲೀನ್ ಮಾಡಿಸಿಕೊಂಡು ಆಮೇಲೆ "ಈ ತೂತು ನಿನ್ನ ಮೆಷಿನ್ನಿಂದಲೇ ಆಗಿದ್ದು" ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀನು ಪೊಲೀಸ್ ಸ್ಟೇಷನ್ನಿನಲ್ಲಿ ಇರಬೇಕಾದವಳು, ತಪ್ಪಿ ಧೂಳು ಎಳೆಯುವ ಕೆಲಸಕ್ಕೆ ಬಂದಿದ್ದೀಯ ಎಂದು ನನ್ನ ಗಂಡ ರೇಗಿಸುತ್ತಾರೆ. ಇರಬಹುದು. ಆದರೆ ಅಗ್ರಹಾರದ ಒಂದು ಮನೆಯಲ್ಲಿ ನನ್ನನ್ನೂ ಮೀರಿಸಿದ ಅನುಮಾನದವರು ಸಿಕ್ಕಿದರು, ಅದೂ ಒಬ್ಬರಲ್ಲ, ಇಬ್ಬರು.

ಅವರಿಬ್ಬರೂ ಓರಗಿತ್ತಿಯರು. ಅಣ್ಣನ ಹೆಂಡತಿಯನ್ನು ನಾನು ದೊಡ್ಡಮ್ಮಾವ್ರು ಎನ್ನುತ್ತಿದ್ದೆ, ತಮ್ಮನ ಹೆಂಡತಿಯನ್ನು ಚಿಕ್ಕಮ್ಮಾವ್ರು. ಮಲಗುವ ಕೋಣೆಗಳು ಒಬ್ಬರಿಗೆ ಕೆಳಗೆ, ಒಬ್ಬರಿಗೆ ಮೇಲೆ. ಅಡುಗೆ ಮನೆ ಮಾತ್ರ ಒಂದೇ. ಚಿಕ್ಕಮ್ಮಾವ್ರು ಮದುವೆಯಾಗಿ ಬಂದ ದಿನದಿಂದ ಒಂದೇ ಒಲೆ, ಒಂದೇ ಸಾರು ಎಂದು ದೊಡ್ಡಮ್ಮಾವ್ರು ಮೊದಲ ದಿನವೇ ನನಗೆ ಹೇಳಿದ್ದರು. ಕೇಳದೆ ಹೇಳಿದ ಮಾತಾದ್ದರಿಂದ ಅದನ್ನೂ ನಾನು ಸ್ವಲ್ಪ ಅನುಮಾನದಿಂದಲೇ ಕೇಳಿಸಿಕೊಂಡೆ.

ನನ್ನನ್ನು ಕರೆಸಿದ್ದು ದೊಡ್ಡಮ್ಮಾವ್ರ ಯಜಮಾನರ ಗೂರಲಿನಿಂದಾಗಿ. ಅವರಿಗೆ ಕೋಣೆಯಲ್ಲಿ ಉಸಿರು ಕಟ್ಟುತ್ತದೆಂದು ಮಂಚವನ್ನು ಹಜಾರಕ್ಕೆ ತಂದು, ಗೋಡೆಗೆ ಒತ್ತಿ, ರತ್ನಗಂಬಳಿಯ ಒಂದು ಮೂಲೆಯ ಮೇಲೆಯೇ ಹಾಕಿದ್ದರು. ರತ್ನಗಂಬಳಿಯನ್ನು ತೆಗೆದುಬಿಡಿ, ಆಗದಿದ್ದರೆ ವಾರಕ್ಕೊಮ್ಮೆಯಾದರೂ ವ್ಯಾಕ್ಯೂಮ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರಂತೆ. ತೆಗೆಯುವ ಮಾತೇ ಇಲ್ಲ. ಅರಮನೆಯ ಕೆಲಸದಲ್ಲಿದ್ದ ಮಾವನವರಿಗೆ ಉಡುಗೊರೆಯಾಗಿ ಬಂದದ್ದು ಅದು. ನಡುವೆಲ್ಲ ಕುಂಕುಮದ ಬಣ್ಣದ ಉಣ್ಣೆ, ಸುತ್ತ ಗಾಢ ನೀಲಿಯ ಅಂಚು. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಹೆಂಗಸರು ಕೂರುವುದು ಅದರ ಮೇಲೆಯೇ.

ಹಳೆಯ ಕೈನೇಯ್ಗೆಯ ಕಂಬಳಿಗೆ ತಿರುಗುವ ಬ್ರಷ್ ಇಡಬಾರದು, ನೂಲನ್ನು ಕಿತ್ತು ತರುತ್ತದೆ. ಬರೀ ಗಾಳಿ ಎಳೆಯುವ ಅಗಲ ಮೂತಿ ಹಾಕಬೇಕು. ಉಣ್ಣೆ ಯಾವ ಕಡೆಗೆ ಮಲಗಿದೆ ಎಂದು ಅಂಗೈ ಆಡಿಸಿ ತಿಳಿದುಕೊಂಡು, ಅದೇ ದಿಕ್ಕಿನಲ್ಲಿ ನಿಧಾನವಾಗಿ ಎಳೆಯಬೇಕು. ಅಂಚಿನ ಕುಚ್ಚಿನ ಹತ್ತಿರ ಮೂತಿ ಹೋಗಲೇಬಾರದು, ಅಲ್ಲಿ ಕೈಯಲ್ಲೇ ಕೊಡವಬೇಕು. ಆತುರ ಮಾಡಿದರೆ ಮೇಲಿನ ಧೂಳು ಮಾತ್ರ ಬರುತ್ತದೆ. ಬುಡದಲ್ಲಿ ಕೂತ ಮರಳು ಹಾಗೆಯೇ ಇದ್ದು, ತುಳಿದಾಗಲೆಲ್ಲ ನೂಲನ್ನು ಒಳಗಿಂದ ಕತ್ತರಿಸುತ್ತಿರುತ್ತದೆ. ಇದನ್ನೆಲ್ಲ ಹೇಳುತ್ತ ಮಂಚದ ಕಡೆಗೆ ಪೈಪ್ ತಿರುಗಿಸಿದೆ, ಅಷ್ಟರಲ್ಲಿ ದೊಡ್ಡಮ್ಮಾವ್ರು ಅಡ್ಡ ಬಂದರು.

"ಅಲ್ಲಿ ಬೇಡ ಕಣಮ್ಮ. ಮಂಚದ ಕೆಳಗೆ ಮೆಷಿನ್ ಹಾಕ್ಬೇಡ."

"ಯಾಕಮ್ಮಾವ್ರೆ? ಯಜಮಾನ್ರು ಉಸುರಾಡೋ ಜಾಗ ಅದೇ ಅಲ್ವಾ?"

"ಅಲ್ಲಿ ಕುಂಕುಮ ಬಿದ್ದಿದೆ. ಕುಂಕುಮನ ಆ ಕಸದ ಚೀಲಕ್ಕೆ ಎಳ್ಕೋತೀಯಾ?"

ಬಗ್ಗಿ ನೋಡಿದೆ. ನಿಜ, ಗೋಡೆಯಿಂದ ಸ್ವಲ್ಪ ಈಚೆಗೆ ಕೆಂಪಗೆ ಪುಡಿ ಚೆಲ್ಲಿತ್ತು. ಮಂಚದ ಮೇಲಿನ ಗೋಡೆಯಲ್ಲಿ ಬೆಟ್ಟದ ತಾಯಿಯ ಫೋಟೊ, ಅದಕ್ಕೆ ದಿನವೂ ಕುಂಕುಮ ಇಡುತ್ತಾರೆ, ಉದುರಿರಬೇಕು ಎಂದುಕೊಂಡೆ. ಕುಂಕುಮವನ್ನು ಪೊರಕೆಯಿಂದ ಗುಡಿಸುವವರು ನಮ್ಮ ಮನೆಯಲ್ಲೂ ಇಲ್ಲ. ಮೂತಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಅದು ಪುಡಿಯ ಹಾಗಲ್ಲದೆ ಸಣ್ಣ ರವೆಯ ಹಾಗೆ ಇದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತ್ತು. ಹಳೆಯ ಕುಂಕುಮ, ತಂಡಿಗೆ ಗಂಟು ಕಟ್ಟಿದೆ ಎಂದು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಮುಂದಿನ ವಾರ ಹೋದಾಗ ಆ ಪುಡಿ ಹೆಚ್ಚಾಗಿತ್ತು. ಅದರ ಮುಂದಿನ ವಾರ ಇನ್ನೂ ಹೆಚ್ಚು. ನಾನು ಎಂದಿನಂತೆ ಸುತ್ತು ಬಂದು ಫೋಟೊ ಹಿಡಿಯುತ್ತಿದ್ದಾಗ ದೊಡ್ಡಮ್ಮಾವ್ರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ದನಿ ತಗ್ಗಿಸಿದರು.

"ನಾನು ಫೋಟೋಗೆ ಕುಂಕುಮ ಇಡೋದು ನಿಲ್ಲಿಸಿ ಹದಿನೈದು ದಿನ ಆಯ್ತು. ಬೇಕೂಂತಲೇ ನಿಲ್ಲಿಸ್ದೆ. ಬರೀ ಹೂವು ಇಡ್ತಿದೀನಿ. ಹಾಗಾದ್ರೆ ಇದೆಲ್ಲಿಂದ ಬಂತು, ಹೇಳು?"

ಇಂಥ ಪರೀಕ್ಷೆ ನಾನೇ ಮಾಡುವಂಥದ್ದು. ಅವರು ಮಾಡಿದ್ದಾರೆಂದರೆ ವಿಷಯ ದೊಡ್ಡದೇ.

"ಅಂದ್ರೆ, ಯಾರೋ ಹಾಕ್ತಾವ್ರೆ ಅಂತೀರಾ?"

"ಮನೇಲಿ ಹಗಲೊತ್ತು ಇರೋದು ನಾವು ಮೂರೇ ಜನ. ಮಲಗಿರೋರು ಹಾಕ್ತಾರಾ? ನಾನು ಹಾಕ್ತೀನಾ?" ಎಂದು ಮೇಲಿನ ಮೆಟ್ಟಿಲ ಕಡೆಗೆ ಕಣ್ಣು ತಿರುಗಿಸಿದರು. "ಈ ಮಂಚ ಇಲ್ಲಿಗೆ ಬಂದ ಮೇಲೇನೇ ಇವರ ಕೆಮ್ಮು ಜಾಸ್ತಿ ಆಗಿದ್ದು. ಮಲಗೋ ಜಾಗದ ಕೆಳಗೆ ಕುಂಕುಮ ಯಾತಕ್ಕೆ ಹಾಕ್ತಾರೆ, ನಿನಗೆ ಗೊತ್ತಿಲ್ವಾ?"

ಮಾಟ ಎಂಬ ಪದವನ್ನು ಅವರು ಆಡಲಿಲ್ಲ, ನಾನೂ ಆಡಲಿಲ್ಲ. ಅವತ್ತು ಮೆಷಿನ್ ಎಳೆಯುವಾಗ ಮಂಚದಿಂದ ಮೊಳ ದೂರದಲ್ಲೇ ಇದ್ದೆ. ಹೆದರಿಕೆಯಾಗಿತ್ತು ಎನ್ನಲು ನನಗೆ ನಾಚಿಕೆಯಿಲ್ಲ.

ಆಮೇಲಿನ ವಾರ ಬಾಗಿಲು ತೆರೆದೇ ಇತ್ತು. ಕೂಗದೆ ಒಳಗೆ ಹೋದೆ. ಯಜಮಾನರು ನಿದ್ದೆಯಲ್ಲಿದ್ದರು. ಮಂಚದ ಪಕ್ಕದಲ್ಲಿ ಚಿಕ್ಕಮ್ಮಾವ್ರು ಬಗ್ಗಿದ್ದರು, ಕೈ ಮಂಚದ ಕೆಳಗಿತ್ತು. ನನ್ನನ್ನು ಕಂಡ ಕೂಡಲೇ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು, ಹಿತ್ತಿಲಿಗೆ ಹೋದರು. ವೀಳ್ಯದೆಲೆಯ ತುದಿ ಸೆರಗಿನಿಂದ ಹೊರಗೆ ಕಾಣುತ್ತಿತ್ತು. ಸಿಕ್ಕಿಬಿದ್ದಳು ಎಂದೇ ನನಗೆ ಅನ್ನಿಸಿತು. ಮೆತ್ತಗೆ ಮಾತಾಡುವ, ನನಗೆ ಕಾಫಿ ತಂದುಕೊಡುವ ಹೆಂಗಸು ಇಂಥವಳೇ ಎಂದು ಎದೆ ಭಾರವಾಯಿತು.

ದೊಡ್ಡಮ್ಮಾವ್ರು ಅಡುಗೆ ಮನೆಯಿಂದ ಬಂದವರೇ, "ಯಾರಾದ್ರೂ ಇಲ್ಲಿ ಬಗ್ಗಿದ್ದನ್ನ ನೋಡಿದ್ಯಾ?" ಎಂದು ಕೇಳಿದರು. ಸುಮ್ಮನೆ ಕೇಳಿದ ಪ್ರಶ್ನೆಯೋ, ಕಾಲ ಸಪ್ಪಳ ಕೇಳಿ ಬಂದ ಪ್ರಶ್ನೆಯೋ ತಿಳಿಯಲಿಲ್ಲ. "ನಾನು ಈಗಿನ್ನೂ ಬಂದೆ ಅಮ್ಮಾವ್ರೆ" ಎಂದು ಪೈಪ್ ಜೋಡಿಸತೊಡಗಿದೆ. ಮನೆ ಮನೆಗೆ ಹೋಗಿ ಬರುವವರು ಒಂದು ಮನೆಯ ಎರಡು ಬಾಯಿಗಳ ನಡುವೆ ನಿಲ್ಲಬಾರದು, ಅದೊಂದು ನನಗೆ ಖಚಿತವಾಗಿ ಗೊತ್ತಿತ್ತು.

ಅವತ್ತೇ ಇನ್ನೊಂದು ಎಡವಟ್ಟಾಯಿತು. ಮಂಚದ ಕಾಲಿನ ಹೊರಗೆ, ಅಂಗೈ ಅಗಲದಷ್ಟು ಜಾಗದಲ್ಲಿ ಉಣ್ಣೆಯೇ ಇರಲಿಲ್ಲ. ಬೋಳಾಗಿ ಹಿಂದಿನ ದಾರ ಕಾಣುತ್ತಿತ್ತು. ದೊಡ್ಡಮ್ಮಾವ್ರು ನೋಡಿದ್ದೇ ತಡ, "ನಿನ್ನ ಮೆಷಿನ್ನೇ ತಿಂದಿದೆ" ಎಂದರು. ನಾನು ಕಾದಿದ್ದದ್ದೇ ಈ ಮಾತಿಗೆ. ಮೊಬೈಲ್ ತೆಗೆದು ಒಂದೊಂದೇ ವಾರದ ಫೋಟೊ ತೋರಿಸಿದೆ. ಮೊದಲ ವಾರ ಮಂಚದ ಕೆಳಗೆ ಕತ್ತಲಲ್ಲಿ ಒಂದು ಸಣ್ಣ ಬೋಳು, ಆಮೇಲೆ ಅದು ಹೊರಗೆ ಬರುತ್ತ ಬಂದಿತ್ತು. ಮೆಷಿನ್ ಹೋಗದ ಜಾಗದಿಂದಲೇ ಶುರುವಾಗಿತ್ತು.

ಅವರು ಕನ್ನಡಕ ಏರಿಸಿಕೊಂಡು ನೋಡಿದರು. ನನ್ನ ಮೇಲಿನ ಅನುಮಾನ ಹೋಯಿತು, ಆದರೆ ನಾನು ಬಯಸಿದ ದಾರಿಯಲ್ಲಿ ಹೋಗಲಿಲ್ಲ.

"ಹಾಗಾದ್ರೆ ಕತ್ತರಿಸಿದಾಳೆ. ಅವರು ಮಲಗೋ ಜಾಗದ ಉಣ್ಣೆ ಕತ್ತರಿಸಿ ಕೊಟ್ಟಿದಾಳೆ ಯಾರಿಗೋ. ಈಗ ಗೊತ್ತಾಯ್ತು ಬಿಡು."

ನನ್ನ ಫೋಟೊಗಳು ನನ್ನನ್ನು ಉಳಿಸಿ ಇನ್ನೊಬ್ಬರನ್ನು ಹಳ್ಳಕ್ಕೆ ತಳ್ಳಿದವು. ಅವತ್ತು ಅವರು ಗಟ್ಟಿಯಾಗಿಯೇ ಮಾಟ ಎಂದರು, ಮೆಟ್ಟಿಲಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಮಾಟ ತೆಗೆಯುವವನೊಬ್ಬನನ್ನು ಅಮಾವಾಸ್ಯೆಗೆ ಕರೆಸುತ್ತೇನೆ, ಅವನ ಮುಂದೆ ಅವಳು ದೀಪ ಮುಟ್ಟಿ ಆಣೆ ಮಾಡಲಿ ಎಂದರು.

ಅಮಾವಾಸ್ಯೆಗೆ ಮುಂಚಿನ ನನ್ನ ಸರದಿ ಬಂತು. ಹೋದಾಗ ಮೆಟ್ಟಿಲ ಕೆಳಗೆ ಹೊಸ ಗ್ಯಾಸ್ ಒಲೆಯ ಪೆಟ್ಟಿಗೆ ಇತ್ತು, ಅಂಟು ಪಟ್ಟಿಯನ್ನೂ ಬಿಚ್ಚಿರಲಿಲ್ಲ. ಚಿಕ್ಕಮ್ಮಾವ್ರು ಅದರ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದರು. ಅತ್ತು ಕಣ್ಣು ಊದಿತ್ತು.

"ಆಣೆ ಮಾಡೋದಕ್ಕೆ ಮುಂಚೆ ನಾನು ಒಲೆ ಬೇರೆ ಮಾಡ್ಕೋತೀನಿ" ಎಂದರು. "ನೀನೂ ಅವರ ಕಡೆಯೇ ಅಲ್ವಾ? ಅವತ್ತು ನನ್ನ ನೋಡ್ದೆ. ಹೋಗಿ ಹೇಳಿರ್ತೀಯ."

"ನಾನು ಏನೂ ಹೇಳಿಲ್ಲ ಚಿಕ್ಕಮ್ಮಾವ್ರೆ. ಆದ್ರೆ ನೀವು ಅಲ್ಲಿ ಏನ್ ಮಾಡ್ತಿದ್ರಿ?"

"ಏನ್ ಮಾಡ್ಲಿ? ಕುಂಕುಮ ತುಳಿದಾಟಕ್ಕೆ ಬಿದ್ದಿದ್ರೆ ಸುಮ್ನೆ ಇರೋಕಾಗುತ್ತಾ? ಎಲೇಲಿ ಎತ್ತಿ ತುಳಸಿ ಬುಡಕ್ಕೆ ಹಾಕಿ ಕೈ ಮುಗೀತಿದ್ದೆ. ಎತ್ತಿದಷ್ಟೂ ಮತ್ತೆ ಇರ್ತಿತ್ತು. ಅಕ್ಕನೇ ಹಾಕ್ತಿದಾರೆ ಕಣೇ. ತಾವೇ ಹಾಕಿ, ನನ್ನ ಮೇಲೆ ಹೊರಿಸಿ, ನನ್ನ ಈ ಮನೆಯಿಂದ ಆಚೆ ಹಾಕೋಕೆ."

ನಾನು ಅಲ್ಲೇ ನಿಂತೆ. ಒಬ್ಬರು ಹಾಕುತ್ತಿಲ್ಲ ಎನ್ನುತ್ತಾರೆ, ಇನ್ನೊಬ್ಬರೂ ಹಾಕುತ್ತಿಲ್ಲ ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಇಷ್ಟು ವರ್ಷ ಜನರ ಮುಖ ನೋಡಿ ಸುಳ್ಳು ಹಿಡಿದವಳಿಗೆ ಅವತ್ತು ಇಬ್ಬರ ಮುಖದಲ್ಲೂ ಸುಳ್ಳು ಸಿಗಲಿಲ್ಲ, ಸಂಕಟವಷ್ಟೇ ಸಿಕ್ಕಿತು. ಅದು ನನ್ನನ್ನು ಹೆಚ್ಚು ಗಾಬರಿಗೊಳಿಸಿತು.

ಹಜಾರಕ್ಕೆ ಹೋಗಿ ಎಂದಿನಂತೆ ಮಂಡಿಯೂರಿದೆ. ಮೊಬೈಲಿನ ಟಾರ್ಚ್ ಹಾಕಿ, ಈ ಸಲ ಬೋರಲಾಗಿ ಮಲಗಿ, ತಲೆಯನ್ನು ಮಂಚದ ಕೆಳಗೆ ತೂರಿಸಿದೆ. ಕೆಂಪು ಉಣ್ಣೆಯ ಮೇಲೆ ಕೆಂಪು ರವೆ. ಬೆಳಕನ್ನು ಗೋಡೆಯ ಕಡೆಗೆ, ಅಂಚಿನವರೆಗೆ ತೆಗೆದುಕೊಂಡು ಹೋದೆ. ಅಂಚಿನಲ್ಲಿ ಉಣ್ಣೆ ನೀಲಿ. ಅದರ ಮೇಲೆ ಬಿದ್ದಿದ್ದ ರವೆಯೂ ನೀಲಿ.

ಟಾರ್ಚಿನ ಬೆಳಕಿನ ದೋಷವಿರಬಹುದೆಂದು ಮತ್ತೆ ನೋಡಿದೆ. ನೀಲಿಯೇ. ಕೆಂಪು ಮುಗಿದು ನೀಲಿ ಶುರುವಾಗುವಲ್ಲಿ ಎರಡೂ ಬೆರೆತಿದ್ದವು. ಯಾವ ಮಾಟಗಾರನೂ ಕಂಬಳಿಯ ಬಣ್ಣ ನೋಡಿಕೊಂಡು ಕುಂಕುಮ ಚೆಲ್ಲುವುದಿಲ್ಲ.

ದೊಡ್ಡಮ್ಮಾವ್ರ ಅಪ್ಪಣೆ ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಕೇಳದೆ ಮಾಡಿ ನನ್ನ ಎಣಿಕೆ ತಪ್ಪಾದರೆ ಆ ಮನೆಯಷ್ಟೇ ಅಲ್ಲ, ಅವರ ಮಾತಿನಿಂದ ಸಿಕ್ಕಿದ್ದ ಆ ಬೀದಿಯ ಮನೆಗಳೆಲ್ಲ ಕೈಬಿಟ್ಟು ಹೋಗುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಒಂದು ವೇಳೆ ಅದು ಮಾಟವೇ ಆಗಿದ್ದರೆ ಎಂಬ ಭಯವೂ ಇತ್ತು. ನನಗೂ ಗಂಡ, ಮಕ್ಕಳಿದ್ದಾರೆ. ಆದರೆ ಆಣೆ ಮಾಡಿಸುವ ದಿನ ಹತ್ತಿರವಿತ್ತು, ಒಲೆಯ ಪೆಟ್ಟಿಗೆ ಮೆಟ್ಟಿಲ ಕೆಳಗಿತ್ತು. ಗೋಡೆಯ ಫೋಟೊಗೆ ಮನಸ್ಸಿನಲ್ಲೇ ಕೈ ಮುಗಿದೆ. ಚಪ್ಪಟೆ ಮೂತಿಯ ಹಿಂದೆ, ಪೈಪಿನ ಬಾಯಿಗೆ ನನ್ನ ಬಿಳಿ ಕರ್ಚೀಫು ಅಡ್ಡ ಹಿಡಿದು ಮೂತಿ ಸಿಕ್ಕಿಸಿದೆ. ಹೀಗೆ ಮಾಡಿದರೆ ಎಳೆದದ್ದು ಚೀಲಕ್ಕೆ ಹೋಗದೆ ಬಟ್ಟೆಯಲ್ಲೇ ನಿಲ್ಲುತ್ತದೆ. ಉಂಗುರ, ಓಲೆಯ ತಿರುಪು ಹುಡುಕುವಾಗ ನಾವು ಮಾಡುವ ಕೆಲಸ. ಸ್ವಿಚ್ ಒತ್ತಿ ಮೂತಿಯನ್ನು ಮಂಚದ ಕೆಳಗೆ ನುಗ್ಗಿಸಿದೆ.

ಸದ್ದಿಗೆ ಯಜಮಾನರು ಎದ್ದು ಕೂತರು. ದೊಡ್ಡಮ್ಮಾವ್ರು ಸೌಟು ಹಿಡಿದೇ ಓಡಿ ಬಂದರು.

"ನಿಲ್ಸು! ನಿಲ್ಸೇ! ಬೇಡ ಅಂದಿರ್ಲಿಲ್ವಾ? ಏನ್ ಮಾಡ್ತಿದೀಯ ನೀನು?"

ನಿಲ್ಲಿಸಿದೆ. ಮೂತಿ ಬಿಚ್ಚಿ ಕರ್ಚೀಫನ್ನು ಜೋಪಾನವಾಗಿ ತೆಗೆದು, ಪಕ್ಕದಲ್ಲಿದ್ದ ಕಾಫಿ ತಟ್ಟೆಯ ಮೇಲೆ ಹರಡಿದೆ. ಚಿಕ್ಕಮ್ಮಾವ್ರೂ ಮೆಟ್ಟಿಲಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು.

"ಅಮ್ಮಾವ್ರೆ, ನೀಲಿ ಕುಂಕುಮ ಎಲ್ಲಾದ್ರೂ ನೋಡಿದೀರಾ?"

ಅವರು ಸೌಟು ಹಿಡಿದ ಕೈಯನ್ನು ಇಳಿಸಲಿಲ್ಲ. ಬಗ್ಗಿ ನೋಡಿದರು. ಕೆಂಪು ರವೆ, ನೀಲಿ ರವೆ, ಅವುಗಳ ನಡುವೆ ಕೆಂಪು ಉಣ್ಣೆಯ ಎಳೆ ಸುತ್ತಿಕೊಂಡ ಅಕ್ಕಿಕಾಳಿನಷ್ಟು ಸಣ್ಣ ಗೂಡುಗಳು. ಒಂದು ಗೂಡಿನ ತುದಿಯಿಂದ ಬೆಳ್ಳಗಿನ ಹುಳವೊಂದು ತಲೆ ಹೊರಹಾಕಿ ಆಚೀಚೆ ಆಡಿಸಿತು.

"ಅಯ್ಯೋ, ಹುಳ!"

"ಉಣ್ಣೆ ತಿನ್ನೋ ಹುಳ ಅಮ್ಮಾವ್ರೆ. ಮಂಚದ ಕೆಳ್ಗೆ ಕತ್ಲು, ಅಲುಗಾಟ ಇಲ್ಲ, ಮೆಷಿನ್ನೂ ಬರಲ್ಲ. ಆರಾಮಾಗಿ ಮೇಯ್ಕೊಂಡು ಅವೆ. ಯಾರೂ ಏನೂ ಕತ್ತರಿಸಿಲ್ಲ."

"ಹಾಗಾದ್ರೆ ಆ ಕೆಂಪು ಪುಡಿ?"

ಹೇಳಲೋ ಬೇಡವೋ ಎಂದು ತಡವರಿಸಿದೆ. "ಕೆಂಪು ಉಣ್ಣೆ ತಿಂದ್ರೆ ಕೆಂಪು, ನೀಲಿ ತಿಂದ್ರೆ ನೀಲಿ. ಹುಳದ ಹಿಕ್ಕೆ ಅಮ್ಮಾವ್ರೆ."

ಕರ್ಚೀಫಿನ ಮೂಲೆಯನ್ನು ನೀರಲ್ಲಿ ಅದ್ದಿ ಆ ರವೆಯನ್ನು ಬಿಳಿ ಬಟ್ಟೆಗೆ ಉಜ್ಜಿದೆ. ಕುಂಕುಮವಾಗಿದ್ದರೆ ಕಲೆ ಹತ್ತಬೇಕಿತ್ತು. ಹತ್ತಲಿಲ್ಲ. ಯಾರಾದರೂ ಒಂದು ಸಲ ಬೆರಳಲ್ಲಿ ಮುಟ್ಟಿದ್ದರೆ ಸಾಕಿತ್ತು. ಭಕ್ತಿಗೆ ಒಬ್ಬರು ಮುಟ್ಟಲಿಲ್ಲ, ಭಯಕ್ಕೆ ಒಬ್ಬರು ಮುಟ್ಟಲಿಲ್ಲ, ನಾನು ಎರಡಕ್ಕೂ ಮುಟ್ಟಲಿಲ್ಲ.

ಯಜಮಾನರು ಮೊದಲು ನಕ್ಕರು. ನಕ್ಕು ಕೆಮ್ಮು ಬಂತು. "ನನಗೆ ಮಾಟ ಮಾಡಿರೋನು ಇವನೇನಾ?" ಎಂದು ಹುಳವನ್ನು ತೋರಿಸಿದರು. ಬೇರೆ ಯಾರೂ ನಗಲಿಲ್ಲ. ದೊಡ್ಡಮ್ಮಾವ್ರು ಮಂಚದ ತುದಿಯಲ್ಲಿ ಕೂತು ಸೌಟನ್ನು ತೊಡೆಯ ಮೇಲಿಟ್ಟುಕೊಂಡರು. ಚಿಕ್ಕಮ್ಮಾವ್ರು ಬಾಗಿಲಲ್ಲಿ ನಿಂತೇ ಹೇಳಿದರು, "ನೀವು ನನ್ನ ಮೇಲೆ ಅನುಮಾನ ಪಟ್ರಿ ಅಕ್ಕ. ನಾನೂ ನಿಮ್ಮ ಮೇಲೆ ಪಟ್ಟೆ."

ಅಲ್ಲಿಂದ ಮುಂದಿನದು ಕೆಲಸ. ಮಂಚ ಸರಿಸಿ, ಕಂಬಳಿಯನ್ನು ಮಗುಚಿ ಮೊದಲು ಹಿಂಬದಿಗೆ ಮೆಷಿನ್ ಹಾಕಿ ಎಳೆದೆ. ಕೆಳಗಿನ ನೆಲದ ಮೇಲೆ ಮರಳು ರಂಗೋಲಿ ಹಾಕಿದ ಹಾಗೆ ಉದುರಿತ್ತು. ಆ ಮನೆಯಲ್ಲಿ ಹಿಂದೆ ಪ್ರತಿ ವರ್ಷ ಗೊಂಬೆ ಕೂರಿಸುವ ಮೊದಲು ಕಂಬಳಿಯನ್ನು ತಾರಸಿಗೆ ಹೊತ್ತು, ಬೆತ್ತದಲ್ಲಿ ಬಡಿದು, ಬಿಸಿಲಿಗೆ ಹಾಕುತ್ತಿದ್ದರಂತೆ. ಯಜಮಾನರಿಗೆ ಆಗದ ಮೇಲೆ ನಿಂತಿತು, ಮೆಷಿನ್ ಬಂದ ಮೇಲೆ ಇನ್ನೇಕೆ ಎಂದು ಮರೆತೇಹೋಯಿತು. ಮೇಲಿನಿಂದ ಎಷ್ಟು ಎಳೆದರೂ ಮಗುಚದ ಕಂಬಳಿ ಅರ್ಧ ಕ್ಲೀನ್ ಅಷ್ಟೇ.

ಮಗುಚಲು ಇನ್ನೊಂದು ಜೊತೆ ಕೈ ಬೇಕಿತ್ತು. ದೊಡ್ಡಮ್ಮಾವ್ರಿಗೆ ಅಷ್ಟು ಭಾರ ಎತ್ತಲಾಗದು. ಚಿಕ್ಕಮ್ಮಾವ್ರು ಸೆರಗು ಸಿಕ್ಕಿಸಿಕೊಂಡು ಬಂದು ಒಂದು ತುದಿ ಹಿಡಿದರು. ತಾರಸಿಗೆ ಹೊತ್ತೆವು, ಬಡಿದೆವು, ಎರಡೂ ಬದಿಗೆ ಬಿಸಿಲು ಕಾಣಿಸಿದೆವು. ಹುಳ ಹತ್ತಿದ ಜಾಗಕ್ಕೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟು ಆವಿ ಹಾಯಿಸಿದೆ, ಮೊಟ್ಟೆಗಳು ಸಾಯಲಿ ಎಂದು. ಮೆಷಿನ್ನಿನ ಚೀಲವನ್ನು ಮನೆಯೊಳಗೆ ಬಿಚ್ಚದೆ, ಆಚೆ ಕಟ್ಟಿ ಎಸೆದೆ. ಮೊದಲ ತಿಂಗಳು ಪ್ರತಿ ವಾರ ಮಗುಚಿ ಎಳೆಯಬೇಕು, ಆಮೇಲೆ ತಿಂಗಳಿಗೊಮ್ಮೆ ಮಗುಚಿದರೆ ಸಾಕು ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. ಅಮಾವಾಸ್ಯೆಗೆ ಯಾರೂ ಬರಲಿಲ್ಲ. ದೀಪ ಮುಟ್ಟುವ ಮಾತೂ ಮತ್ತೆ ಬರಲಿಲ್ಲ.

ಆದರೆ ಮುಂದಿನ ವಾರ ಹೋದಾಗ ಮೆಟ್ಟಿಲ ಕೆಳಗೆ ಪೆಟ್ಟಿಗೆ ಇರಲಿಲ್ಲ. ಒಲೆ ಮೇಲೆ ಹೋಗಿತ್ತು. "ಮಾಟ ಅನ್ನೋ ಮಾತು ಒಂದ್ಸಲ ಬಾಯಿಂದ ಬಂದ ಮೇಲೆ ಅದೇ ಒಲೆ ಮುಂದೆ ಇಬ್ಬರೂ ಹೆಂಗೆ ನಿಂತ್ಕೊಳ್ಳೋದು?" ಎಂದು ಚಿಕ್ಕಮ್ಮಾವ್ರು ನನ್ನನ್ನೇ ಕೇಳಿದರು. ಹುಳ ತಿಂದ ಉಣ್ಣೆಯನ್ನು ಮತ್ತೆ ಬರಿಸುವ ಮೆಷಿನ್ ನನ್ನ ಬಳಿ ಇಲ್ಲ. ಆ ಬೋಳು ಈಗಲೂ ಹಾಗೆಯೇ ಇದೆ. ಅದರ ಫೋಟೊ ಹಿಡಿಯುವುದನ್ನು ಮಾತ್ರ ಬಿಟ್ಟಿದ್ದೇನೆ.

ಮೊದಲ ತಿಂಗಳು ಕಳೆದು ಬಹಳ ಕಾಲವಾಯಿತು. ಯಜಮಾನರ ಕೆಮ್ಮು ತಕ್ಕಮಟ್ಟಿಗೆ ತಗ್ಗಿದೆ. ಹುಳವಿಲ್ಲ, ಗೂಡಿಲ್ಲ. ಹಿಂಬದಿ ಎಳೆದರೆ ಚೀಲಕ್ಕೆ ಚಿಟಿಕೆ ಧೂಳೂ ಬರುವುದಿಲ್ಲ. "ಇನ್ನು ವಾರ ವಾರ ಮಗುಚೋದು ಬೇಡ ಬುಡಿ ಅಮ್ಮಾವ್ರೆ, ತಿಂಗಳಿಗೊಂದ್ಸಲ ಸಾಕು" ಎಂದು ಎಷ್ಟೋ ಸಲ ಹೇಳಿದೆ. ದೊಡ್ಡಮ್ಮಾವ್ರು ಒಪ್ಪುವುದಿಲ್ಲ. "ಮಗುಚ್ಲೇಬೇಕು. ನನಗೆ ಅನುಮಾನ" ಎನ್ನುತ್ತಾರೆ.

ಒಂದು ಸಲ ನಾನು ಗಂಡನನ್ನು ಕರೆದುಕೊಂಡು ಹೋಗಿದ್ದೆ, ಇನ್ನೊಂದು ತುದಿ ಅವರು ಹಿಡಿಯಲಿ, ಬೇಗ ಮುಗಿಯುತ್ತದೆ ಎಂದು. ಅವರು ಕಂಬಳಿಗೆ ಕೈ ಹಾಕುವಷ್ಟರಲ್ಲಿ ದೊಡ್ಡಮ್ಮಾವ್ರು, "ನೀವು ಬಿಡಿ, ಅಭ್ಯಾಸ ಇಲ್ಲದೋರು" ಎಂದು ತಡೆದರು. ಗೋಡೆ ಹಿಡಿದುಕೊಂಡು ಮೆಟ್ಟಿಲ ಬುಡಕ್ಕೆ ಹೋಗಿ ಮೇಲಕ್ಕೆ ಮುಖ ಮಾಡಿ ಕೂಗಿದರು:

"ಲೇ, ಮೆಷಿನ್ನೋಳು ಬಂದಿದಾಳೆ, ಕಂಬಳಿ ಮಗುಚ್ಬೇಕು ಬಾರೆ. ಕಾಫಿನೂ ಇಟ್ಟಿದೀನಿ, ನಿನಗೂ ಸೇರಿಸಿ."

ಮೇಲೆ ಬಾಗಿಲು ತೆರೆದ ಸದ್ದಾಯಿತು. ಅಷ್ಟು ಚೊಕ್ಕವಾದ ಕಂಬಳಿಯನ್ನು ವಾರ ವಾರ ಮಗುಚಿಸುವುದು ಏತಕ್ಕೆ ಎಂದು ನನಗೂ ಒಂದು ಅನುಮಾನವಿದೆ. ಇದೊಂದನ್ನು ನಾನು ಯಾರ ಬಳಿಯೂ ಕೇಳಿ ಖಾತ್ರಿ ಮಾಡಿಕೊಂಡಿಲ್ಲ.